ಸ್ವಿವೆಲ್ ಗಿರ್ರಂತ ತಿರುಗುತ್ತೆ, ಆದ್ರೂ ದಾರ ಯಾಕೆ ಹುರಿಗೊಳ್ಳುತ್ತೆ?

ಪ್ರಶ್ನೆ (ಪಾಂಡವಪುರದಿಂದ):
ಅಣ್ಣ, ನಮಸ್ಕಾರ. ಎರಡು ತಿಂಗಳಿಂದ ಮೀನು ಹಿಡಿಯೋಕೆ ಸ್ಪಿನ್ನಿಂಗ್ ರೀಲ್ (ಕೋಲಿಗೆ ಹಾಕೋ, ದಾರ ಸುತ್ತೋ ಯಂತ್ರ) ಹಿಡಿದಿದೀನಿ. ನಮ್ಮ ಕಡೆ ಕೆರೇಲಿ ಸ್ಪಿನ್ನರ್ (ನೀರಲ್ಲಿ ತಿರುಗೋ ಲೋಹದ ಹುಸಿ ಎರೆ) ಎಸೀತೀನಿ. ಅರ್ಧ ಗಂಟೆ ಆಗೋದೇ ತಡ, ದಾರ ಹುರಿಗೊಂಡು ರೀಲಿಂದ ಸುರುಳಿ ಸುರುಳಿಯಾಗಿ ಎದ್ದು ಬರುತ್ತೆ. ದಾರ ಹುರಿಗೊಳ್ಳದಿರಲಿ ಅಂತ ಮಧ್ಯೆ ಸ್ವಿವೆಲ್ (ತಿರುಗೋ ಕೊಂಡಿ) ಹಾಕಿದೀನಿ, ಬೆರಳಲ್ಲಿ ತಿರುಗಿಸಿದ್ರೆ ಗಿರ್ರಂತ ತಿರುಗುತ್ತೆ. ಪ್ಯಾಕೆಟ್ ಮೇಲೆ 25 ಕೆಜಿ ಅಂತ ಬರೆದವ್ರೆ. ಹೋದ ಭಾನುವಾರ ಒಂದು ಒಳ್ಳೆ ಬಾಳೆ ಮೀನು ಕಚ್ಚಿತ್ತು, ದಡದವರೆಗೂ ಬಂದು ಬಿಟ್ಟೋಯ್ತು. ನೋಡಿದ್ರೆ ದಾರ ತುಂಡಾಗಿಲ್ಲ, ಸ್ವಿವೆಲ್‌ನ ಒಂದು ಬಳೆ ಮಾತ್ರ ತುದೀಲಿ ನೇತಾಡ್ತಿದೆ. ನಂದು 8 ಕೆಜಿ ದಾರ. ಒಳ್ಳೆ ಸ್ವಿವೆಲ್ ಅಂತ ಗುರ್ತು ಹಿಡಿಯೋದು ಹೆಂಗಣ್ಣ?

ಉತ್ತರ (ಮೈಸೂರು, ಗಾಳದ ಸಾಮಾನು ಮಾರಾಟ ಮತ್ತು ರೀಲ್ ರಿಪೇರಿ):
ತಮ್ಮಾ, ಬಳೆ ಒಂದೇ ಉಳಿದಿದೆ ಅಂದ್ರೆ ನಿನ್ನ ಗಂಟು ಗಟ್ಟಿಯಾಗೇ ಇತ್ತು. ಸ್ವಿವೆಲ್ ಒಳಗೆ ಏನಿದೆ ಅಂತ ಮೊದಲು ತಿಳ್ಕೋ. ಬಳೆಯ ತಂತಿ ಒಳಗೆ ಹೋಗಿ ಮೊಳೆ ತಲೆ ಥರ ದಪ್ಪಗೆ ನಿಂತಿರುತ್ತೆ. ಆ ತಲೆ ಹೊರಗೆ ಬರದಂಗೆ ಹೊರಗಿನ ಉರುಳೆಯ ಬಾಯಿ ಒತ್ತಿ ಮುಚ್ಚಿರ್ತಾರೆ. ಕಳಪೆ ಮಾಲಲ್ಲಿ ತಲೆ ಸಣ್ಣದು, ಬಾಯಿ ಸಡಿಲ. ಮೀನು ಜಗ್ಗಿದಾಗ ತಲೆ ಜಾರಿ ಬರುತ್ತೆ. ನಿನಗಾಗಿರೋದು ಅದೇ.

ಹಸು ಕಟ್ಟೋ ಸರಪಳಿ ಮಧ್ಯೆ ತಿರುಗೋ ಕಡಿ ಇರುತ್ತಲ್ಲ, ಕೆಲಸ ಅದೇ. ಹಸು ಸುಮ್ನೆ ನಿಂತಾಗ ಆ ಕಡಿ ತಿರುಗೋದು ದೊಡ್ಡದಲ್ಲ, ಹಸು ಎಳೀತಾ ಸುತ್ತಿದಾಗ ತಿರುಗಬೇಕು. ಸ್ವಿವೆಲ್‌ನೂ ಹಂಗೇ ನೋಡಬೇಕು. ಬೆರಳಲ್ಲಿ ಗಿರ್ರನ್ನೋ ಎಷ್ಟೋ ಸ್ವಿವೆಲ್ ಭಾರ ಬಿದ್ದ ತಕ್ಷಣ ಕಚ್ಚಿಕೊಂಡು ನಿಂತುಬಿಡುತ್ತವೆ, ಯಾಕಂದ್ರೆ ಆ ಮೊಳೆತಲೆ ಉರುಳೆಯ ಗೋಡೆಗೆ ಉಜ್ಜುತ್ತೆ. ಸ್ಪಿನ್ನರ್ ಹಾಕೋನಿಗೆ ಬೇಕಾದ್ದು ಬಾಲ್ ಬೇರಿಂಗ್ ಸ್ವಿವೆಲ್. ಒಳಗೆ ಗುಂಡು ಉರುಳೋದ್ರಿಂದ ಜಗ್ಗಾಟದಲ್ಲೂ ತಿರುಗುತ್ತೆ. ಸೀಸ ಕಟ್ಟಿ ತಳಕ್ಕೆ ಬಿಡೋ ಗಾಳಕ್ಕಾದ್ರೆ ಸಾದಾ ಉರುಳೆ ಸ್ವಿವೆಲ್ ಸಾಕು, ಅದಕ್ಕೆ ಜಾಸ್ತಿ ದುಡ್ಡು ಹಾಕಬೇಡ.

ಮನೇಲಿ ಹಿಂಗೆ ಪರೀಕ್ಷೆ ಮಾಡು. ಮರದ ಕೊಂಬೆಗೆ ನಿನ್ನ ದಾರಾನೇ ಎರಡಡಿ ಇಳಿಬಿಡು, ತುದಿಗೆ ಸ್ವಿವೆಲ್, ಅದರ ಕೆಳಗೆ ಇನ್ನೊಂದು ಗೇಣು ದಾರ, ಅದಕ್ಕೆ ನಾಲ್ಕು ಲೀಟರ್ ನೀರಿರೋ ಬಕೆಟ್. ಬಕೆಟ್ ನೆಲದಿಂದ ನಾಲ್ಕು ಬೆರಳು ಮೇಲಿದ್ರೆ ಸಾಕು. ಸ್ವಿವೆಲ್‌ನ ಮೇಲಿನ ದಾರಕ್ಕೆ ಒಂದು ಚೂರು ಬಟ್ಟೆ ಕಟ್ಟು. ಈಗ ಬಕೆಟ್‌ನ ಮೆಲ್ಲಗೆ ಹತ್ತು ಸುತ್ತು ತಿರುಗಿಸು. ಬಟ್ಟೆ ಇದ್ದಲ್ಲೇ ನಿಂತಿದ್ರೆ ಸ್ವಿವೆಲ್ ಕೆಲಸ ಮಾಡ್ತಿದೆ. ಬಟ್ಟೆಯೂ ಬಕೆಟ್ ಜೊತೆ ಸುತ್ತಿದ್ರೆ ಅದು ಬರೀ ಕಬ್ಬಿಣದ ಗಂಟು, ಎತ್ತಿ ಬಿಸಾಕು. ಗಟ್ಟಿ ನೋಡೋಕೆ ದಾರದ ಬದಲು ದಪ್ಪ ಹುರಿ ಹಾಕಿ ಬಕೆಟ್ ತುಂಬಿಸು, ಮುಖ ಮಾತ್ರ ದೂರ ಇಡು. ಕಿತ್ತರೆ ಚೂರು ಸಿಡಿಯುತ್ತೆ.

ಅಂಗಡೀಲಿ ಬಕೆಟ್ ಕೇಳೋಕಾಗಲ್ಲ. ಅಲ್ಲಿ ಬಳೆ ನೋಡು. ದಾರ ಕಟ್ಟೋ ಜಾಗದಲ್ಲಿ ಒಂಚೂರು ಹತ್ತಿ ಹಾಯಿಸು. ಎಳೆ ಸಿಕ್ಕಿಕೊಂಡ್ರೆ ಅಲ್ಲಿ ಮುಳ್ಳಿದೆ ಅಂತ ಅರ್ಥ, ಅದೇ ಮುಳ್ಳು ನಿನ್ನ ದಾರ ಕೊಯ್ಯುತ್ತೆ. ಎರಡೂ ಬಳೆ ಹಿಡಿದು ಎಳೆದು, ಆಮೇಲೆ ಅಕ್ಕಪಕ್ಕ ಅಲ್ಲಾಡಿಸು. ಲೊಡಲೊಡ ಅನ್ನಬಾರದು. ಹಿತ್ತಾಳೆ ಅಂತ ಹೇಳಿದ್ರೆ ಉರುಳೆಗೆ ಒಂದು ಆಯಸ್ಕಾಂತ ಹಿಡಿ. ನಿಕಲ್ ಲೇಪ ಇದ್ರೆ ಚೂರು ಸೆಳೀಬಹುದು, ಟಪ್ ಅಂತ ಅಂಟಿದ್ರೆ ಒಳಗಿರೋದು ಕಬ್ಬಿಣ. ಎರಡೇ ದಿನಕ್ಕೆ ತುಕ್ಕು ಹಿಡಿದು ಬಿಗಿಯುತ್ತೆ.

ಪ್ಯಾಕೆಟ್ ಮೇಲಿನ ಕೆಜಿ ನಂಬಿ ಕೂರಬೇಡ. ನಾನೇ ಒಂದು ಸಲ ಹೆಸರಿಲ್ಲದ ಮಾಲು ತಂದು ಮಾರಿದ್ದೆ. ಒಬ್ಬ ಹುಡುಗ ಕಿತ್ತೋದ ಬಳೆ ತಂದು ಟೇಬಲ್ ಮೇಲಿಟ್ಟ. ಉಳಿದ ಪ್ಯಾಕೆಟ್ ಎಲ್ಲಾ ತೆಗೆದು ಬಕೆಟ್ ಕಟ್ಟಿ ನೋಡಿದೆ, ಬರೆದಿದ್ದ ತೂಕದ ಅರ್ಧಕ್ಕೇ ಕಿತ್ಕೊಂಡು ಬಂದ್ವು. ಎಲ್ಲರಿಗೂ ದುಡ್ಡು ವಾಪಸ್ ಕೊಟ್ಟೆ. ಅವತ್ತಿಂದ ಹೊಸ ಮಾಲು ಬಂದ್ರೆ ಮೊದಲು ಬಕೆಟ್, ಆಮೇಲೆ ಮಾರಾಟ.

ಮಧ್ಯೆ ಒಬ್ಬರು (ಮದ್ದೂರು):
ಸರ್, ನಂಬರ್ ಲೆಕ್ಕ ತಲೆಗೆ ಹತ್ತುತ್ತಿಲ್ಲ. 10 ದೊಡ್ಡದೋ 4 ದೊಡ್ಡದೋ? ಮತ್ತೆ ಗಟ್ಟಿ ಇರಲಿ ಅಂತ ದೊಡ್ಡದನ್ನೇ ಹಾಕಿದ್ರೆ ತಪ್ಪೇನು?

ಉತ್ತರ:
ಸರ್, ನಂಬರ್ ಏರಿದಷ್ಟೂ ಸ್ವಿವೆಲ್ ಸಣ್ಣದು. 10ಕ್ಕಿಂತ 4 ದೊಡ್ಡದು. 1 ಆದ ಮೇಲೆ 1/0, 2/0 ಅಂತ ಮತ್ತೆ ದೊಡ್ಡದಾಗ್ತಾ ಹೋಗುತ್ತೆ. ಕಂಪನಿಯಿಂದ ಕಂಪನಿಗೆ ಅಳತೆ ಬೇರೆ, ಅದಕ್ಕೇ ಕಣ್ಣಳತೆ ಮುಖ್ಯ. ದೊಡ್ಡದು ಹಾಕಿದ್ರೆ ತೂಕಕ್ಕೆ ಸ್ಪಿನ್ನರ್‌ನ ಮೂತಿ ಕೆಳಗೆ ಬಾಗಿ ಅದರ ಆಟ ಕೆಡುತ್ತೆ. 8 ಕೆಜಿ ದಾರಕ್ಕೆ ನಿಜವಾಗಿ 15 ಕೆಜಿ ತಡೆಯೋ ಸ್ವಿವೆಲ್ ಇದ್ರೆ ಬೇಕಾದಷ್ಟಾಯ್ತು, ಯಾಕಂದ್ರೆ ಅದಕ್ಕೂ ಮೊದಲೇ ಗಂಟಿನ ಹತ್ರ ದಾರ ಹೋಗುತ್ತೆ. ಅಷ್ಟು ತಡೆಯೋದ್ರಲ್ಲಿ ಅತಿ ಸಣ್ಣದನ್ನ ಆರಿಸ್ಕೊಳಿ.

ಬಾಲ್ ಬೇರಿಂಗ್ ತಗೊಳೋವಾಗ ಒಂದು ಎಚ್ಚರ. ಅದರ ತುದಿಯ ರಿಂಗ್ ಬೆಸುಗೆ ಹಾಕಿ ಮುಚ್ಚಿರಬೇಕು. ಕೀ ಚೈನ್ ಥರ ಸುತ್ತಿದ ರಿಂಗ್ ಆದ್ರೆ ನಡುವೆ ದಾರ ನುಸುಳಿ ಕೂರುತ್ತೆ, ಬ್ರೇಡ್ ದಾರ (ಸಣ್ಣ ಎಳೆಗಳಿಂದ ಹೆಣೆದಿದ್ದು) ಅಂತೂ ಖಂಡಿತ.

ಪಾಂಡವಪುರ:
ಅಣ್ಣ, ಸೇಫ್ಟಿ ಪಿನ್ ಥರ ಕೊಕ್ಕೆ ಇರೋ ಸ್ವಿವೆಲ್ ಬರುತ್ತಲ್ಲ, ಅದು ಹಾಕ್ಲಾ? ಸ್ಪಿನ್ನರ್ ಬದಲಾಯಿಸೋಕೆ ಸಲೀಸು.

ಉತ್ತರ:
ಸಲೀಸು ನಿಜ, ಆದ್ರೆ ದೊಡ್ಡ ಮೀನಿಗೆ ತೆಳು ತಂತಿಯ ಆ ಕೊಕ್ಕೆ ಬಿಚ್ಚಿಕೊಳ್ಳುತ್ತೆ. ತುದಿ ತನ್ನ ತಂತಿಗೇ ಸುತ್ತಿ ಬೀಗ ಬೀಳೋ ಥರದ್ದು ಸಿಕ್ಕಿದ್ರೆ ತಗೋ. ನನ್ನ ಕೇಳಿದ್ರೆ ಸ್ವಿವೆಲ್‌ನ ಸ್ಪಿನ್ನರ್‌ಗಿಂತ ಒಂದೂವರೆ ಅಡಿ ಮೇಲೆ ಕಟ್ಟು, ಮಧ್ಯೆ ಬೇರೆ ದಾರದ ತುಂಡು. ಸುತ್ತುವಾಗ ಸ್ವಿವೆಲ್ ಕೋಲಿನ ತುದಿ ಬಳೆಯೊಳಕ್ಕೆ ಹೋಗದಂಗೆ ನಿಲ್ಲಿಸು, ಹೋದ್ರೆ ಒಳಗಿನ ಪಿಂಗಾಣಿ ಸೀಳುತ್ತೆ. ಇಂಥ ಕೋಲು ವಾರಕ್ಕೊಂದು ರಿಪೇರಿಗೆ ಬರುತ್ತೆ.

ಇನ್ನೊಂದು, ನೀನು ಕೇಳದೇ ಇರೋದು. ಮೀನು ಎಳೀತಾ ಡ್ರ್ಯಾಗ್ (ಜೋರಾಗಿ ಎಳೆದಾಗ ದಾರ ಬಿಡೋ ರೀಲಿನ ಬ್ರೇಕು) ಕಿರ್ರೋ ಅಂತಿರುವಾಗ್ಲೂ ಹಿಡಿ ಸುತ್ತುತ್ತಾ ಇರ್ತೀಯಾ? ನಿನ್ನ ರೀಲ್ 5.2:1, ಅಂದ್ರೆ ಹಿಡಿ ಒಂದು ಸುತ್ತಿದ್ರೆ ದಾರ ಸುತ್ತೋ ಭಾಗ 5.2 ಸುತ್ತು ಹಾಕೋದು ಆಗಿದ್ರೆ, ಹಿಡಿಯ ಒಂದೊಂದು ಸುತ್ತಿಗೂ ದಾರದಲ್ಲಿ ಐದು ಹುರಿ ಬೀಳುತ್ತೆ. ಅದನ್ನ ಯಾವ ಸ್ವಿವೆಲ್‌ಗೂ ತಡೆಯೋಕಾಗಲ್ಲ. ಮೀನು ಎಳೆದ್ರೆ ಕೈ ನಿಲ್ಲಿಸು, ಮೀನು ನಿಂತಾಗ ಕೋಲೆತ್ತಿ, ಇಳಿಸ್ತಾ ಸುತ್ತು.

ಈಗಾಗ್ಲೇ ಹುರಿಗೊಂಡ ದಾರ ಬಿಸಾಕಬೇಡ. ನಾಲೇಲಿ ನೀರು ಬಿಟ್ಟಾಗ ಸೇತುವೆ ಮೇಲೆ ಭದ್ರವಾಗಿ ನಿಂತು, ತುದೀಲಿ ಏನೂ ಕಟ್ಟದೆ ದಾರ ಪೂರ್ತಿ ಹರಿಯಕ್ಕೆ ಬಿಡು. ಐದು ನಿಮಿಷಕ್ಕೆ ಹುರಿ ತಾನಾಗೇ ಬಿಚ್ಚಿಕೊಳ್ಳುತ್ತೆ. ಆಮೇಲೆ ಬೆರಳ ಮಧ್ಯೆ ಬಿಗಿ ಹಿಡಿದು ಸುತ್ತಿಕೋ. ಅಷ್ಟಕ್ಕೂ ಸರಿಹೋಗದ ದಾರವನ್ನ ತುಂಡು ಮಾಡಿ ಮನೆಗೆ ತಗೊಂಡೋಗು, ದಡದಲ್ಲಿ ಬಿಡಬೇಡ ತಮ್ಮಾ. ರಂಗನತಿಟ್ಟಿನ ಕೊಕ್ಕರೆಗಳು ಮೇಯೋಕೆ ನಮ್ಮ ಕೆರೆ, ಗದ್ದೆಗೇ ಬರೋದು. ಕಾಲಿಗೆ ನೈಲಾನ್ ಸುತ್ತಿಕೊಂಡ ಹಕ್ಕಿ ಬಿಡಿಸಿದ್ದು ನನ್ನ ಕೈಯಲ್ಲೇ, ಅದರ ಒಂದು ಬೆರಳು ಅಷ್ಟೊತ್ತಿಗೆ ಕಪ್ಪಾಗಿತ್ತು.

ಪಾಂಡವಪುರ (ಮೂರು ದಿನ ಬಿಟ್ಟು):
ಅಣ್ಣ, ಬಕೆಟ್ ಕಟ್ಟಿ ನೋಡ್ದೆ. ಹಳೇ ಪ್ಯಾಕೆಟ್ಟಲ್ಲಿ ಆರು ಉಳಿದಿದ್ವು. ಆರಕ್ಕೆ ಆರೂ ಬಟ್ಟೆ ಸುತ್ತಿಸಿದ್ವು. ತುಂಬಿದ ಬಕೆಟ್ಟಿಗೆ ಎರಡು ಕಿತ್ಕೊಂಡ್ವು. ಡ್ರ್ಯಾಗ್ ವಿಷ್ಯ ನೀವು ಹೇಳಿದ್ದು ದಿಟ, ನಾನು ಸುತ್ತುತ್ತಾನೇ ಇದ್ದೆ.

ಉತ್ತರ:
ಉಳಿದ ನಾಲ್ಕನ್ನ ಸೀಸದ ಗಾಳಕ್ಕೂ ಇಟ್ಕೋಬೇಡ, ಒಂದೇ ಮಾಲು ಅದು. ಬಾಲ್ ಬೇರಿಂಗ್ ತಗೊಂಡ ಮೇಲೆ ಅದನ್ನೂ ಬಕೆಟ್ಟಿಗೆ ಕಟ್ಟಿ, ಫೋಟೋ ಇಲ್ಲೇ ಹಾಕು. ಬೆಸುಗೆ ಕಾಣೋ ಹಂಗೆ ಹತ್ತಿರದಿಂದ ತೆಗಿ.