ಮೈಲಿಗಲ್ಲು, ಪ್ಯಾವು: ಬೀದಿಯಲ್ಲೇ ಇರಲಿಯೋ, ಮ್ಯೂಸಿಯಂಗೆ ಹೋಗಲಿಯೋ?

ಮಾಟುಂಗಾ_ಈಸ್ಟ್: ಮುಂಬಯಿಯ ಹಳೆಯ ಮೈಲಿಗಲ್ಲುಗಳನ್ನು ಫೋರ್ಟ್‌ನ ಸೇಂಟ್ ಥಾಮಸ್ ಕೆಥೆಡ್ರಲ್‌ನಿಂದ ದೂರ ಅಳೆದು ನೆಟ್ಟರು. ಕರಿಕಲ್ಲು, ಮೇಲೆ ರೋಮನ್ ಅಂಕಿ. ಹಲವು ಫುಟ್‌ಪಾತಿನೊಳಗೆ ಹೂತುಹೋದವು. ದಾನಿಗಳು ಕಟ್ಟಿಸಿದ ಪ್ಯಾವುಗಳೂ, ಅಂದರೆ ಕುಡಿಯುವ ನೀರಿನ ಕಲ್ಲಿನ ಕಟ್ಟೆಗಳೂ, ಎಷ್ಟೋ ಕಡೆ ಒಣಗಿ ನಿಂತಿವೆ. ಎಲ್ಲವನ್ನೂ ಎತ್ತಿ ಬೈಕಲಾದ ಭಾವು ದಾಜಿ ಲಾಡ್ ಮ್ಯೂಸಿಯಂ ತೋಟದಲ್ಲಿ ಇಟ್ಟರೆ ಕನಿಷ್ಠ ಉಳಿಯುತ್ತವೆ ಎನ್ನುವುದು ನನ್ನ ವಾದ.

ಕುಡ್ಲ_ಪರೇಲ್: ಅದು ಹೇಗೆ ಮಾರಾಯ್ರೆ? ನಾಲ್ಕು ಮೈಲಿ ಅಂತ ಕೆತ್ತಿದ ಕಲ್ಲನ್ನು ಬೈಕಲಾದಲ್ಲಿ ನಿಲ್ಲಿಸಿದರೆ ಅದು ಹೇಳುವುದೇ ಸುಳ್ಳಾಗುತ್ತದೆ. ಪ್ರತಿಮೆಯನ್ನು ಸಾಗಿಸಬಹುದು, ಅಳತೆಯನ್ನು ಸಾಗಿಸಲಿಕ್ಕೆ ಆಗುವುದಿಲ್ಲ.

ಧಾರವಾಡ_ದಾದರ್: ಆ ತೋಟದಾಗ ನಿಂತಿರೋ ಕಲ್ಲಿನ ಆನೀನೇ ನೋಡ್ರಿ. ಅದು ಮೊದಲು ಘಾರಾಪುರಿ ದ್ವೀಪದಾಗ ಇತ್ತು, ಪೋರ್ಚುಗೀಸರು ದ್ವೀಪಕ್ಕ ಎಲಿಫೆಂಟಾ ಅಂತ ಹೆಸರಿಟ್ಟದ್ದು ಅದರಿಂದನ. 1864ರಾಗ ಇಂಗ್ಲೆಂಡಿಗೆ ಒಯ್ಯಲಿಕ್ಕೆ ಎತ್ತೂ ಮುಂದ ಬಿದ್ದು ಒಡೀತು, 1914ರಾಗ ತುಂಡು ಜೋಡಿಸಿ ನಿಲ್ಲಿಸಿದ್ರು. ಎತ್ತೂದರಾಗನ ಅರ್ಧ ಅಪಾಯ ಐತಿ.

ಮಾಟುಂಗಾ_ಈಸ್ಟ್: ಫೋರ್ಟ್‌ನ ಕಾಳಾ ಘೋಡಾ, ಅಂದರೆ ಕರಿ ಕುದುರೆ? ಅಲ್ಲಿ ಕುದುರೆ ಏರಿ ಕೂತಿದ್ದ ಏಳನೇ ಎಡ್ವರ್ಡ್‌ನ ಪ್ರತಿಮೆ 1965ರಲ್ಲಿ ಬೈಕಲಾಕ್ಕೆ ಹೋಯಿತು, ಅದಕ್ಕೆ ಏನೂ ಆಗಲಿಲ್ಲವಲ್ಲ.

ಕುಡ್ಲ_ಪರೇಲ್: ಜಾಗಕ್ಕೆ ಹೆಸರು ಉಳಿಯಿತು, ಕುದುರೆ ಹೋಯಿತು. ಆ ಖಾಲಿತನ ತುಂಬಲಿಕ್ಕೆ 2017ರಲ್ಲಿ ಸವಾರನಿಲ್ಲದ ಹೊಸ ಕುದುರೆ ತರಬೇಕಾಯಿತು.

ಸುಣ್ಣಗಾರೆ: ಸಾಗಿಸುವ ಮಾತು ಆಮೇಲೆ. ಕಲ್ಲು ಹೂತದ್ದು ಯಾಕೆ ಅಂತ ಮೊದಲು ನೋಡಿ. ಹಳೆಯ ಡಾಂಬರನ್ನು ಕೆರೆಯದೆ ಮೇಲೆ ಮೇಲೆ ಹೊಸ ಪದರ ಹಾಕಿದಾಗ ರಸ್ತೆ ಏರುತ್ತದೆ, ಜೊತೆಗೆ ಫುಟ್‌ಪಾತೂ ಏರುತ್ತದೆ. ಕಲ್ಲನ್ನು ಇದ್ದಲ್ಲೇ ಮೇಲೆತ್ತಬಹುದು: ಸುತ್ತ ಕೈಯಿಂದಲೇ ಅಗೆಯಿರಿ, ಬ್ರೇಕರ್ ಬೇಡ. ಅಗಲವಾದ ನೈಲಾನ್ ಪಟ್ಟಿ ಬಿಗಿದು ಚೈನ್ ಪುಲ್ಲಿಯಲ್ಲಿ ನೇರಕ್ಕೆ ಎತ್ತಿ. ಬರೀ ಸರಪಳಿ ಸುತ್ತಿದರೆ ಅಂಚು ಚಕ್ಕೆ ಏಳುತ್ತದೆ. ಕೆಳಗೆ ಜಲ್ಲಿ ಕುಟ್ಟಿ ಸುಣ್ಣದ ಗಾರೆಯಲ್ಲಿ ಕೂರಿಸಿ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಕಾಂಕ್ರೀಟಿನಲ್ಲಿ ಹೂತರೆ ಮುಂದಿನ ಸಲ ಒಡೆಯದೆ ತೆಗೆಯಲಾಗುವುದಿಲ್ಲ. ಪೇವರ್ ಬ್ಲಾಕನ್ನು ಕಲ್ಲಿಗೆ ಒತ್ತಿ ಹಾಕಬೇಡಿ, ಸುತ್ತ ಒಂದು ಗೇಣು ಜಲ್ಲಿ ಬಿಟ್ಟರೆ ಮಳೆನೀರು ಇಳಿಯುತ್ತದೆ.

ಧಾರವಾಡ_ದಾದರ್: ಪ್ಯಾವು ಆ್ಯಸಿಡ್ ಹಾಕಿ ತೊಳೀತಾರಲ್ರೀ, ಅದು?

ಸುಣ್ಣಗಾರೆ: ಅದೇ ದೊಡ್ಡ ಅನಾಹುತ! ಕೆತ್ತನೆ ಇರುವ ಭಾಗ ಹೆಚ್ಚಾಗಿ ಪೋರ್‌ಬಂದರ್ ಕಲ್ಲು, ಅಂದರೆ ಸುಣ್ಣಕಲ್ಲು. ಆ್ಯಸಿಡ್ ತಾಗಿದರೆ ಕಲ್ಲೇ ಕರಗಿ ಹೂಬಳ್ಳಿಯ ಗೆರೆ ಅಳಿಸಿಹೋಗುತ್ತದೆ. ಶುದ್ಧ ನೀರು, ಮೆತ್ತನೆಯ ನೈಲಾನ್ ಬ್ರಷ್ ಸಾಕು. ಬಿಳಿ ಉಪ್ಪು ಒಸರುತ್ತಿದ್ದರೆ ಒದ್ದೆ ಕಾಗದದ ತಿರುಳು ಮೆತ್ತಿ, ಪೂರ್ತಿ ಒಣಗಿದ ಮೇಲೆ ಕಿತ್ತುಹಾಕಿ; ಉಪ್ಪು ತಿರುಳಿಗೆ ಬರುತ್ತದೆ. ಬೇಕಾದರೆ ಮತ್ತೊಮ್ಮೆ. ಆಯಿಲ್ ಪೇಂಟ್, ಸಿಮೆಂಟ್ ಎರಡೂ ತೇವವನ್ನು ಒಳಗೇ ಕಟ್ಟಿಹಾಕಿ ಕಲ್ಲಿನ ಮೈ ಪುಡಿಯಾಗಿಸುತ್ತವೆ. ಬಿರುಕು ಕಂಡರೆ ಒಳಗಿನ ಕಬ್ಬಿಣದ ಕೊಂಡಿ ನೋಡಿ, ತುಕ್ಕು ಉಬ್ಬಿ ಕಲ್ಲನ್ನು ಸೀಳುತ್ತದೆ. ತೆಗೆದು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಕು.

ಮಾಟುಂಗಾ_ಈಸ್ಟ್: ಮೈಲಿಗಲ್ಲಿನ ವಿಷಯ ಒಪ್ಪಿದೆ. ಆದರೆ ನೀರೇ ಬರದ ಪ್ಯಾವನ್ನು ಬೀದಿಯಲ್ಲಿ ಬಿಟ್ಟರೆ ಕಸದ ತೊಟ್ಟಿಯಾಗುತ್ತದೆ.

ಕುಡ್ಲ_ಪರೇಲ್: ಹಾಗಾದರೆ ನೀರು ತರಿಸುವ. ಮಸ್ಜಿದ್ ಬಂದರಿನ ಕೇಶವಜಿ ನಾಯಕ್ ಪ್ಯಾವು 1876ರದ್ದು, ಗಡಿಯಾರ ಗೋಪುರದ ಸಮೇತ ಅದೇ ಪೇಟೆಯಲ್ಲಿ ದುರಸ್ತಿಯಾಗಿ ನಿಂತಿದೆ.

ಸುಣ್ಣಗಾರೆ: ನೀರು ಬಿಡುವ ಮೊದಲು ಹೊರಹೋಗುವ ಚರಂಡಿ ಬಿಡಿಸಿ, ಈ ಕ್ರಮ ತಪ್ಪಬಾರದು. ಚರಂಡಿ ಕಟ್ಟಿದ್ದರೆ ನೀರು ಬುಡದಲ್ಲೇ ನಿಂತು ಕಲ್ಲೊಳಗೆ ಏರುತ್ತದೆ. ಹೊಸ ಪೈಪು ಕೆತ್ತನೆ ಕೊರೆದು ಬರಬಾರದು, ಹಳೆಯ ತೂತಿನಲ್ಲೇ ಬರಲಿ.

ಧಾರವಾಡ_ದಾದರ್: ಸವೆದ ಅಂಕಿ ಓದೂದು ಹೆಂಗ್ರೀ? ಸೀಮೆಸುಣ್ಣ ತಿಕ್ಕಲೇನು?

ಸುಣ್ಣಗಾರೆ: ಬೇಡ, ಪುಡಿ ರಂಧ್ರದಲ್ಲಿ ಕೂರುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಾಗಿದಂತೆ ಹಿಡಿದು ಬೆಳಕು ಓರೆಯಾಗಿ ಹಾಯಿಸಿ, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ. ಬೆಳಕು ಎಡದಿಂದ ಬಿದ್ದಾಗ ಒಂದು, ಮೇಲಿನಿಂದ ಬಿದ್ದಾಗ ಒಂದು. ರೋಮನ್ ಅಂಕಿಯ ನೆಟ್ಟಗೆರೆ ಪಕ್ಕದ ಬೆಳಕಿಗೆ ಏಳುತ್ತದೆ, ಅಡ್ಡಗೆರೆ ಮೇಲಿನ ಬೆಳಕಿಗೆ.