ಕಿವುಡ ಮಕ್ಕಳ ವಸತಿ ಶಾಲೆ: ಸಹಾಯಕ ಮುಖ್ಯಾಧ್ಯಾಪಕರು ಮೊದಲು ಯಾವುದಕ್ಕೆ ಕೈ ಹಾಕಬೇಕು?

ಬಿಳಿಜೋಳ (ವಿಜಯಪುರ):
ಎಲ್ಲರಿಗೂ ನಮಸ್ಕಾರ. ಜೂನ್‌ನಿಂದ ನಮ್ಮ ಜಿಲ್ಲೆಯ ಒಂದು ಅನುದಾನಿತ ಕಿವುಡ ಮಕ್ಕಳ ಶಾಲೆಯಲ್ಲಿ ಸಹಾಯಕ ಮುಖ್ಯಾಧ್ಯಾಪಕನ ಕೆಲಸ. 1ರಿಂದ 10ನೇ ತರಗತಿ, ಹಾಸ್ಟೆಲ್ ಆವರಣದಲ್ಲೇ ಇದೆ. ವಿಶೇಷ ಬಿ.ಎಡ್. ಆಗಿದೆ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿಯೂ ಚಾಲ್ತಿಯಲ್ಲಿದೆ. ಪಾಠ ಮಾಡುವುದು ಗೊತ್ತು, ಆಡಳಿತ ಹೊಸದು. ವೇಳಾಪಟ್ಟಿ, ಕಿವಿ ಮಷೀನ್, ಎಸ್ಸೆಸ್ಸೆಲ್ಸಿ ಕಾಗದಪತ್ರ, ಹಾಸ್ಟೆಲ್ ಎಲ್ಲ ಈ ಹುದ್ದೆಯ ತಲೆಗೇ ಬರುತ್ತವಂತೆ. ಸಾಮಾನ್ಯ ಶಾಲೆಯ ರೂಢಿ ಇಲ್ಲಿ ಎಲ್ಲಿ ಕೈಕೊಡುತ್ತದೆ?

ಮಾರ್ಕಂಡೇಯ ದಂಡೆ (ಬೆಳಗಾವಿ):
ಬದಲಿ ಪಿರಿಯಡ್‌ನಲ್ಲಿ ಕೈಕೊಡುತ್ತದೆ ಸರ್. ಬೇರೆ ಶಾಲೆಯಲ್ಲಿ ಒಬ್ಬರು ರಜೆ ಹಾಕಿದರೆ ಬಿಡುವಿದ್ದ ಇನ್ನೊಬ್ಬರನ್ನು ಕಳಿಸಿದರೆ ಮುಗಿಯಿತು. ಇಲ್ಲಿ ಸನ್ನೆ ಬಾರದವರು ಹೋದರೆ ಆ 40 ನಿಮಿಷ ಮಕ್ಕಳ ಪಾಲಿಗೆ ಸತ್ತಂತೆ. ತರಗತಿ ಶಾಂತವಾಗಿರುತ್ತದೆ, ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಅದೇ ತೊಂದರೆ.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಸಿಬ್ಬಂದಿಯ ಪಟ್ಟಿ ಮಾಡಿ, ಪ್ರತಿ ಹೆಸರಿನ ಮುಂದೆ ಮೂರರಲ್ಲಿ ಒಂದನ್ನು ಬರೆಯಿರಿ: ಸನ್ನೆಯಲ್ಲಿ ವಿಷಯ ಕಲಿಸಬಲ್ಲರು, ಮಾತುಕತೆ ನಡೆಸಬಲ್ಲರು, ‘ಬಾ, ಕೂಡು, ಊಟ’ದಷ್ಟೇ ಬಲ್ಲರು. ಇದನ್ನು ನೀವು ನಿರ್ಧರಿಸಬೇಡಿ. ಕಿವುಡ ಶಿಕ್ಷಕರೋ ಹಳೆಯ ವಿದ್ಯಾರ್ಥಿಯೋ ಇದ್ದರೆ ಅವರಿಂದ ಹೇಳಿಸಿ. ಬದಲಿ ಪಿರಿಯಡ್‌ಗೆ ಮೊದಲ ಎರಡು ಗುಂಪಿನವರನ್ನಷ್ಟೇ ಹಾಕಿ. ಯಾರೂ ಇಲ್ಲದ ದಿನಕ್ಕೆ ಐಎಸ್‌ಎಲ್‌ಆರ್‌ಟಿಸಿಯ (ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ) ಸನ್ನೆ ವಿಡಿಯೋಗಳನ್ನು ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಟ್ಟು, ಜೊತೆಗೆ ಒಂದು ಅಭ್ಯಾಸ ಹಾಳೆ ಇಡಿ. ಆ ಹೊತ್ತಿಗೇ ನೆಟ್ ಹೋಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ಗಣಿತ, ವಿಜ್ಞಾನಕ್ಕೆ ಜೋಡಿ ಪಿರಿಯಡ್ ಕೊಡಿ. ಮಗು ಪುಸ್ತಕ ನೋಡುವಾಗ ಕೈ ನೋಡಲಾರದು, ಕೈ ನೋಡುವಾಗ ಬರೆಯಲಾರದು. ಹಾಗಾಗಿ ಪಾಠ ನಿಧಾನ, ಅದು ಶಿಕ್ಷಕರ ಆಲಸ್ಯವಲ್ಲ. ಬೆಂಚುಗಳನ್ನು ಕುದುರೆ ಲಾಳದ ಆಕಾರದಲ್ಲಿ ಹಾಕಿಸಿ, ಎಲ್ಲರಿಗೂ ಎಲ್ಲರ ಕೈ ಕಾಣಬೇಕು. ಶಿಕ್ಷಕರ ಬೆನ್ನ ಹಿಂದೆ ಕಿಟಕಿ ಇರಬಾರದು, ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಟ್ಯೂಬ್‌ಲೈಟ್ ಫ್ಯಾನಿನ ರೆಕ್ಕೆಗಳಿಗಿಂತ ಮೇಲಿದ್ದರೆ ಬೆಳಕು ಕಡಿದು ಕಡಿದು ಬೀಳುತ್ತದೆ, ದಿನವಿಡೀ ಕೈ ನೋಡುವ ಮಕ್ಕಳಿಗೆ ಕಣ್ಣು ಸೋಲುತ್ತದೆ. ಲೈಟನ್ನು ಗೋಡೆಗೆ ಇಳಿಸಿದರೆ ಸರಿಹೋಗುತ್ತದೆ.

ಘಟಪ್ರಭಾ (ಮುಧೋಳ):
ವೇಳಾಪಟ್ಟಿ ಆಮ್ಯಾಲೆ ನೋಡ್ಕೊಳ್ರಿ ಸರ್, ಮೊದ್ಲ ಮಷೀನ್ ಎಣಿಸ್ರಿ. ಕಾಗದದಾಗ ಎಲ್ಲಾ ಹುಡುಗರಿಗೂ ಕೊಟ್ಟೀವಿ ಅಂತ ಇರ್ತೈತಿ, ಕಪಾಟಿನ್ಯಾಗ ಬಂದ್ ಬಿದ್ದಿದ್ದು ಬ್ಯಾರೆ ಇರ್ತಾವ.

ದಿನಾ ಪ್ರಾರ್ಥನೆ ಮುಗದಮ್ಯಾಲೆ ಹತ್ತು ನಿಮಿಷ ಇದಕ್ಕಂತನ ಇಡ್ರಿ. ಬ್ಯಾಟರಿ ಟೆಸ್ಟರ್, ಸ್ಟೆಟೋಕ್ಲಿಪ್ (ಮಷೀನಿನ ಸಪ್ಪಳ ನಾವ ಕೇಳಿ ನೋಡೂ ನಳಗಿ), ಗಾಳಿ ಊದೂ ರಬ್ಬರ್ ಬಲ್ಬ್, ಸಣ್ಣ ಬ್ರಷ್, ಇವಿಷ್ಟು ಒಂದ್ ಡಬ್ಬ್ಯಾಗ ಇರ್ಲಿ. ಸ್ಟೆಟೋಕ್ಲಿಪ್ ಹಚ್ಚಿ ನೀವ ಕೇಳ್ರಿ: ಕರ್‌ಕರ್ ಅಂದ್ರ ಒಳಗ ತೇವ, ಕಟ್ ಆಗಿ ಆಗಿ ಬಂದ್ರ ಬ್ಯಾಟರಿ ಕೂಡೂ ಜಾಗ ಹೊಲಸಾಗೈತಿ. ಆಮ್ಯಾಲೆ ಲಿಂಗ್ (Ling) ಅನ್ನಾವ್ರ ಹೆಸರಿನ ಪರೀಕ್ಷೆ: ಆ, ಈ, ಊ, ಮ್, ಶ್, ಸ್, ಆರು ಸಪ್ಪಳ. ಬಾಯಿಗೆ ಹಾಳಿ ಅಡ್ಡ ಹಿಡದು ಒಂದ್ ಮೀಟರ್ ದೂರದಿಂದ ಅನ್ರಿ, ಕೇಳಿದ್ರ ಹುಡುಗ ಕೈ ಎತ್ತಬೇಕು. ಒಂದ ಲಯದಾಗ ಅನಬ್ಯಾಡ್ರಿ, ಲಯ ಹಿಡದು ಕೈ ಎತ್ತಿಬಿಡ್ತಾವ, ಭಾಳ ಶ್ಯಾಣ್ಯಾ ಇರ್ತಾವ. ಎಲ್ಲಾರಿಗೂ ಆರೂ ಕೇಳ್ಸಂಗಿಲ್ಲ. ಆದ್ರ ನಿನ್ನೆ ಕೇಳಿದ್ದು ಇವತ್ತ ಕೇಳ್ಲಿಲ್ಲ ಅಂದ್ರ ಮಷೀನಿಗೆ ಏನೋ ಆಗೈತಿ, ಇಲ್ಲಾ ಕಿವಿಗೆ. ಅದಕ್ಕ ರಜಿಸ್ಟರ್ ಬೇಕ ಬೇಕು.

ಮಷೀನ್ ಸಿಳ್ಳಿ ಹೊಡದ್ರ ವಾಲ್ಯೂಮ್ ಇಳಸ್ತಾರ ನಮ್ಮ ಮಂದಿ. ಸಿಳ್ಳಿ ನಿಲ್ತೈತಿ, ಹುಡುಗಗ ಕೇಳೂದೂ ನಿಲ್ತೈತಿ. ಕಿವಿ ಬೆಳದು ಮೋಲ್ಡ್ (ಕಿವ್ಯಾಗ ಕೂಡೂ ಅಚ್ಚು) ಸಡ್ಲ ಆಗಿರ್ತೈತಿ, ಹೊಸಾ ಅಳತಿ ತಗಸ್ರಿ. ಸಣ್ಣವ್ರಿಗೆ ವರ್ಷದಾಗ ಒಂದಕ್ಕಿಂತ ಹೆಚ್ಚು ಸಲ ಬೇಕಾಗ್ತೈತಿ. ಮೋಲ್ಡ್ ಬಿಚ್ಚಿ ಉಗುರುಬೆಚ್ಚಗಿನ ಸಾಬೂನ ನೀರಾಗ ತೊಳೀಬೇಕು, ಮಷೀನಿಗೆ ಹನಿ ನೀರೂ ತಾಕಬಾರ್ದು.

ಬ್ಯಾಟರಿ ನಂಬರ್ ನೋಡಿ ತರಸ್ರಿ. ಕಿತ್ತಳಿ ಪಟ್ಟಿ ಇದ್ದದ್ದು 13, ನೀಲಿದು 675, ಒಂದರ ಬದ್ಲಿ ಇನ್ನೊಂದು ಕೂಡಂಗಿಲ್ಲ. ಇವು ಗಾಳಿ ಕುಡದು ನಡಿಯೂ ಬ್ಯಾಟರಿ. ಪಟ್ಟಿ ಕಿತ್ತು ನಾಕೈದು ನಿಮಿಷ ಬಿಟ್ಟು ಹಾಕ್ರಿ, ಕಿತ್ತಮ್ಯಾಲೆ ಬಳಸಿದ್ರೂ ಬಿಟ್ರೂ ಸವೀತಾವ. ರಾತ್ರಿ ಬ್ಯಾಟರಿ ಬಾಗ್ಲಾ ತಗದು ಸಿಲಿಕಾ ಜೆಲ್ ಡಬ್ಬ್ಯಾಗ ಇಡಸ್ರಿ. ಬೆಳಗಾವಿ ಕಡೆ ಮಳಿಗಾಲದ ಥಂಡಿ ತಿನ್ನೂದನ್ನ ನಿಮ್ಮ ಕಡೆ ಬ್ಯಾಸಗಿ ಬೆವರು ತಿಂತೈತಿ. ನೀಲಿ ಜೆಲ್ ಗುಲಾಬಿ ಆತಂದ್ರ ಕೆಲಸ ಮುಗೀತು, ಬದಲಸ್ರಿ. ಹಳೀ ಬ್ಯಾಟರಿ ಎಣಿಸಿ ವಾಪಸ್ ತಗೊಳ್ರಿ. ಯಾರರ ನುಂಗಿದ್ರ ‘ತಾನ ಬೀಳ್ತೈತಿ’ ಅಂತ ಕಾಯಬ್ಯಾಡ್ರಿ, ಸೀದಾ ದವಾಖಾನಿ.

ಕರಿಹಲಗೆ (ಬಾಗಲಕೋಟೆ):
ಎಸ್ಸೆಸ್ಸೆಲ್ಸಿ ಬಗ್ಗೆ. 9ನೇ ತರಗತಿಯಲ್ಲೇ ಆಧಾರ್, ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ), ಎಸ್‌ಎಟಿಎಸ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ) ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ತಾಳೆ ನೋಡಿ. ಒಂದರಲ್ಲಿ ಅಡ್ಡಹೆಸರು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಗಡಿ ತಾಲ್ಲೂಕುಗಳಲ್ಲಿ ಮರಾಠಿ ಉಚ್ಚಾರದಂತೆ ಬರೆದದ್ದೂ ಸಿಗುತ್ತದೆ. 10ಕ್ಕೆ ಬಂದ ಮೇಲೆ ತಿದ್ದಿಸಲು ಹೋದರೆ ನೋಂದಣಿಯ ದಿನಾಂಕ ದಾಟುತ್ತದೆ. ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ. 40 ಅಥವಾ ಹೆಚ್ಚಿರಬೇಕು. ಕೆಲವಕ್ಕೆ ಅವಧಿ ಇರುತ್ತದೆ, ಆ ದಿನಾಂಕವನ್ನೂ ಬರೆದಿಟ್ಟುಕೊಳ್ಳಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಂ ಹೆಚ್ಚುವರಿ ಸಮಯ, ಲಿಪಿಕಾರ (ವಿದ್ಯಾರ್ಥಿಯ ಪರವಾಗಿ ಉತ್ತರ ಬರೆಯುವವರು), ದ್ವಿತೀಯ–ತೃತೀಯ ಭಾಷೆಯ ವಿನಾಯಿತಿ ಮೂರನ್ನೂ ಹೇಳುತ್ತದೆ. ಆದರೆ ಜಾರಿಯ ವಿವರಕ್ಕೆ ಆಯಾ ವರ್ಷದ ಮಂಡಳಿ ಸುತ್ತೋಲೆಯೇ ಆಧಾರ. ಲಿಪಿಕಾರ ಬೇಕೆಂದು ಎಲ್ಲರಿಗೂ ಸಾರಾಸಗಟಾಗಿ ಬರೆಯಬೇಡಿ. ಸನ್ನೆ ಬಾರದ ಲಿಪಿಕಾರನಿಂದ ಕಿವುಡ ಹುಡುಗನಿಗೆ ಏನೂ ಪ್ರಯೋಜನವಿಲ್ಲ, ಅವನಿಗೆ ಬೇಕಾದದ್ದು ಸಮಯ. ಕೇಂದ್ರ ಬೇರೆ ಶಾಲೆಯಾಗಿದ್ದರೆ ‘ಇನ್ನು ಹತ್ತು ನಿಮಿಷ’ ಎಂಬುದನ್ನು ಹಲಗೆಯ ಮೇಲೆ ಬರೆಯಬೇಕೆಂದು ಮುಖ್ಯ ಅಧೀಕ್ಷಕರಿಗೆ ಮೊದಲೇ ಪತ್ರ ಕೊಡಿ.

ಮಾರ್ಕಂಡೇಯ ದಂಡೆ:
ಹಾಸ್ಟೆಲ್ ಬಿಟ್ಟುಹೋಯಿತು. ಸಂಜೆ ಕರೆಂಟ್ ಹೋದರೆ ಮಕ್ಕಳ ಮಾತೇ ನಿಲ್ಲುತ್ತದೆ. ಇನ್ವರ್ಟರ್ ಲೈನನ್ನು ಕಚೇರಿಗಿಂತ ಮೊದಲು ಊಟದ ಮನೆ, ಮೆಟ್ಟಿಲು, ಶೌಚಾಲಯಕ್ಕೆ ಎಳೆಸಿ. ಗಂಟೆಯ ಜೊತೆ ಮಿನುಗುವ ದೀಪ ಪ್ರತಿ ಕೋಣೆಯಲ್ಲೂ ಬೇಕು, ಬೆಂಕಿಗೆ ಬೇರೆ ಬಣ್ಣ. ಬಾಗಿಲು ಬಡಿದರೆ ಕೇಳಿಸದು, ಆದ್ದರಿಂದ ಸ್ನಾನದ ಮನೆಯ ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ರಾತ್ರಿ ಪಾಳಿಯಲ್ಲಿ ಸನ್ನೆ ಬಲ್ಲವರು ಒಬ್ಬರಾದರೂ ಇರಲೇಬೇಕು, ಹೊಟ್ಟೆನೋವು ಬಂದ ಮಗು ಕಾವಲುಗಾರನಿಗೆ ಏನು ಹೇಳೀತು?

ಲೈಂಗಿಕ ಕಿರುಕುಳದ ಸುಳಿವು ಸಿಕ್ಕರೆ ‘ಮೊದಲು ಒಳಗೇ ವಿಚಾರಿಸೋಣ’ ಎನ್ನುವವರ ಮಾತಿಗೆ ಬೀಳಬೇಡಿ. ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಸಂಸ್ಥೆಯ ಹೊಣೆ ಹೊತ್ತವರಿಗೇ ಒಂದು ವರ್ಷದವರೆಗೆ ಜೈಲು. ಮಗುವಿನ ಹೇಳಿಕೆಗೆ ಅದೇ ಹಾಸ್ಟೆಲ್ ಸಿಬ್ಬಂದಿಯನ್ನು ದುಭಾಷಿ ಮಾಡದೆ, ಹೊರಗಿನ ವಿಶೇಷ ಶಿಕ್ಷಕರನ್ನೋ ದುಭಾಷಿಯನ್ನೋ ಕರೆಸಲು ಕೇಳಿ. ಮಕ್ಕಳಿಗೆ ಸಹಾಯವಾಣಿ 1098 ಕಲಿಸುತ್ತೇವೆ, ಆದರೆ ಅದು ಮಾತಾಡುವ ನಂಬರು. ಹೇಳಿಕೊಳ್ಳಲು ಶಾಲೆಯೊಳಗೆ ಇಬ್ಬರ ಮುಖ ಗೊತ್ತಿರಬೇಕು, ಒಬ್ಬರಾದರೂ ಮಹಿಳೆ.

ಬಿಳಿಜೋಳ:
ಎಲ್ಲರಿಗೂ ಧನ್ಯವಾದ. ಇನ್ನೊಂದು: ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಆಮೇಲೆ ಬನಶಂಕರಿ, ಎಲ್ಲಮ್ಮ ಅಂತ ಪಾಲಕರು ಒಬ್ಬೊಬ್ಬರಾಗಿ ಮಕ್ಕಳನ್ನು ಕರೆದೊಯ್ಯುತ್ತಾರಂತೆ. ಕಬ್ಬು ಕಡಿಯಲು ಹೋದ ಕುಟುಂಬದ ಮಕ್ಕಳು ವಾಪಸ್ಸೇ ಬರುವುದಿಲ್ಲವಂತೆ?

ಘಟಪ್ರಭಾ:
ಜಾತ್ರಿ ತಡೀಲಿಕ್ಕೆ ಹೋಗಬ್ಯಾಡ್ರಿ. ಆ ವಾರ ಹೊಸಾ ಪಾಠ ಇಡಬ್ಯಾಡ್ರಿ, ಪುನರಾವರ್ತನೆ ಇಡ್ರಿ. ಕರ್ಕೊಂಡು ಹೋಗಾಕ ಬಂದ ಪಾಲಕರನ್ನ ಅರ್ಧ ತಾಸು ಕೂಡ್ರಿಸಿ ಮೂವತ್ತು ಸನ್ನಿ ಕಲಸ್ರಿ: ನೋವು, ಜ್ವರ, ಯಾವಾಗ, ಯಾರು, ಅಂಜಿಕಿ, ಹೀಂಗ. ಇಲ್ಲಾಂದ್ರ ಹುಡುಗ ಮನ್ಯಾಗ ಮೂಕನ ಹಂಗ ಕೂತು ಬರ್ತಾನ. ಕಬ್ಬಿನ ಗ್ಯಾಂಗಿಗೆ ಹೋಗೂ ಕುಟುಂಬದ ಪಟ್ಟಿ ದೀಪಾವಳಿಗಿಂತ ಮೊದ್ಲ ಮಾಡಿ, ಆ ಊರಿನ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ನಂಬರ್ ತಗೊಂಡಿಡ್ರಿ. ಹುಡುಗ ಬರ್ಲಿಲ್ಲ ಅಂದ್ರ ಅವರ ಮನಿಗೆ ಹೋಗಿ ನೋಡಿ ಹೇಳಾವ್ರು. ಹೋಗೂ ಮುಂದ ಎರಡು ಪಾಕೀಟು ಬ್ಯಾಟರಿ ಕೊಟ್ಟು ಕಳಸೂದು ಮರೀಬ್ಯಾಡ್ರಿ.