ವಾಯಿಗೆ ಹೊಂಟೀರಂದ್ರ ಇದನ್ನ ಕೇಳ್ರಿ

ಧಾರವಾಡದಿಂದ ಅಪ್ಪ-ಅವ್ವ ಪುಣೆಗೆ ಬರ್ತಾರ, ರವಿವಾರ ಮಹಾಬಳೇಶ್ವರಕ್ಕ ಹೋಗೋವಾಗ ದಾರಿಯೊಳಗ ಸಾತಾರಾ ಜಿಲ್ಲೆಯ ಕೃಷ್ಣಾ ಹೊಳಿ ದಂಡಿ ಊರು ವಾಯಿ ಅರ್ಧ ತಾಸಿನ್ಯಾಗ ಮುಗಿತದೇನು ಅಂತ ಗ್ರೂಪಿನ್ಯಾಗ ಕೇಳಿದ್ರಲ್ಲ, ಮುಗಿಯಂಗಿಲ್ಲ ನೋಡ್ರಿ. ಎರಡನ್ನೂ ಒಂದ ದಿನಕ್ಕ ಕಟ್ಟಬ್ಯಾಡ್ರಿ. ರವಿವಾರ ವಾಯಿಯಿಂದ ಮ್ಯಾಲೆ ಹತ್ತೋ ಪಸರಣಿ ಘಾಟಿನ್ಯಾಗ ಗಾಡಿ ಸಾಲು ನಿಂತ್ರ ಅದೂ ಇಲ್ಲ, ಇದೂ ಇಲ್ಲ.

ಪುಣೆಯಿಂದ ಸುಮಾರು 90 ಕಿಲೋಮೀಟರ್. ಮುಂಜಾನೆ ಆರಕ್ಕ ಬಿಡ್ರಿ. ಖಂಬಾಟ್ಕಿ ಘಾಟು ದಾಟಿದ ಮ್ಯಾಲೆ ಸುರೂರ್ ಫಾಟಾದಾಗ ಹೆದ್ದಾರಿ ಬಿಟ್ಟು ಬಲಕ್ಕ ಹೊಳ್ಳಬೇಕು. ಬಸ್ಸಾದ್ರ ಸ್ವಾರ್ಗೇಟಿಂದ ಸಿಗ್ತಾವ.

ಊರೊಳಗ ನಿಲ್ಲದ ಸೀದಾ ಮೇಣವಲಿಗೆ ಹೋಗ್ರಿ, ಮೂರು ಕಿಲೋಮೀಟರ್ ಅಷ್ಟ. ಪೇಶ್ವೆಗಳ ಮಂತ್ರಿ ನಾನಾ ಫಡ್ನವೀಸರ ವಾಡಾ, ಅಂದ್ರ ದೊಡ್ಡ ಮನಿ, ಅದ. ಬಾಗಿಲು ಹಾಕಿದ್ರೂ ಬ್ಯಾಸರ ಮಾಡ್ಕೋಬ್ಯಾಡ್ರಿ, ಹಿಂದಿನ ಘಾಟ್, ಅಂದ್ರ ಹೊಳಿಗೆ ಇಳಿಯೋ ಕಲ್ಲಿನ ಪಾವಟಿಗಿ, ನೋಡಿದ್ರ ಸಾಕು. ಅಲ್ಲಿ ಸಣ್ಣ ಕಲ್ಲಿನ ಗುಡಿಯೊಳಗ ಒಂದು ದೊಡ್ಡ ಗಂಟಿ ತೂಗ್ತದ. 1739ರಾಗ ಬಾಜೀರಾವ್ ಪೇಶ್ವೆಯ ತಮ್ಮ ಚಿಮಾಜಿ ಅಪ್ಪಾ ವಸಈ ಕೋಟೆ ಗೆದ್ದಾಗ ಬಂದ ಪೋರ್ಚುಗೀಸರ ಗಂಟಿ ಅದು. ಹತ್ರ ಹೋಗಿ ನೋಡ್ರಿ, ಮೈಮ್ಯಾಲೆ 1707 ಅಂತ ಇಸವಿ, ಕೂಸು ಎತ್ಕೊಂಡ ಮೇರಿ. ಶಿವನ ಗುಡಿ ಮಗ್ಗಲಕ್ಕ ಮೇರಿ! ಪಾವಟಿಗಿಗೆ ಹಿಡ್ಕೊಳ್ಳಾಕ ಏನೂ ಇಲ್ಲ, ಮಳಿ ಮುಗಿದ ಮ್ಯಾಲೂ ಪಾಚಿ ಇರ್ತದ. ಮೊಣಕಾಲು ನೋವಿನವ್ರನ್ನ ಕೆಳಗಿನ ತನಕಾ ಇಳಿಸಬ್ಯಾಡ್ರಿ, ಮ್ಯಾಲಿಂದನೂ ಛಲೋ ಕಾಣ್ತದ.

ಆಮ್ಯಾಲೆ ಊರಿಗೆ ಬಂದು ಢೋಲ್ಯಾ ಗಣಪತಿ. 1762ರಾಗ ರಾಸ್ತೆ ಮನೆತನದವ್ರು ಕಟ್ಟಿಸಿದ್ದು, ಮೂರ್ತಿ ಏಕಶಿಲಾ. ಎಲ್ಲಾರೂ ಮುಂದ ಕೈಮುಗಿದು ಹೊಳ್ಳಿ ಗಾಡಿ ಹತ್ತತಾರ. ನೀವು ಗುಡಿ ಹಿಂದ ಹೋಗ್ರಿ. ಹಿಂದಿನ ಗೋಡಿ ಸಪಾಟ ಇಲ್ಲ, ಮೀನಿನಂಗ ಚೂಪಾಗಿ ಬಂದದ. ಕೃಷ್ಣಾ ಮಹಾಪೂರ ಬಂದಾಗ ನೀರು ಅಲ್ಲಿ ಬಡದು ಎರಡೂ ಕಡೆ ಸೀಳಿಕೊಂಡು ಹೋಗ್ಲಿ ಅಂತ ಆ ಉಪಾಯ. ಸಪಾಟ ಗೋಡಿ ಇದ್ದಿದ್ರ ಪೂರಾ ಹೊಡ್ತ ಅದ ತಿಂತಿತ್ತು. ಮಗ್ಗಲಕ್ಕ ಕಾಶಿ ವಿಶ್ವೇಶ್ವರ, ಅಲ್ಲಿ ನಂದಿ ನೋಡದ ಬರಬ್ಯಾಡ್ರಿ.

ಇದ ನೀರು ಮುಂದ ನಮ್ಮ ಆಲಮಟ್ಟಿಗೆ ಹೋಗೂದು, ಹಿಂಗಾಗಿ ಅವ್ವಗ ಕಾಲು ತೊಯ್ಸಬೇಕು ಅನಸ್ತದ. ಚಳಿಗಾಲದಾಗ ಅಡ್ಡಿ ಇಲ್ಲ. ಮಳಿಗಾಲದಾಗ ಮಾತ್ರ ಬ್ಯಾಡ, ಮ್ಯಾಲೆ ಧೋಮ್ ಆಣೆಕಟ್ಟಿನಿಂದ ನೀರು ಬಿಟ್ರ ಮಟ್ಟ ಭರಾಭರಾ ಏರ್ತದ. ಹೊಳೀನ ದೇವಿ ಅಂತ ಪೂಜಿಸೋ ಕೃಷ್ಣಾಬಾಯಿ ಉತ್ಸವನೂ ಚಳಿಗಾಲದಾಗನ, ಏಳು ಘಾಟಿನ್ಯಾಗ ಒಂದಾದ ಮ್ಯಾಲೊಂದು ನಡೀತದ.

ಟೈಮ್ ಉಳದ್ರ ಧೋಮ್ ಊರಿನ ನರಸಿಂಹ ಗುಡಿ. ಕಲ್ಲಿನ ಆಮಿ ಬೆನ್ನ ಮ್ಯಾಲೆ ಕುಂತ ನಂದಿ ಹುಡುಗ್ರಿಗೆ ಹಿಡಸ್ತದ.

ಬರೋವಾಗ ಅರಿಷಿಣ ತಗೊಳ್ರಿ, ಪುಡಿ ಅಲ್ಲ, ಕೊಂಬು. ಒಂದು ಮುರದು ನೋಡ್ರಿ: ಒಳಗ ಕಿತ್ತಳಿ ಬಣ್ಣ ಇದ್ರ ಖರೇ ಮಾಲು. ಮ್ಯಾಲಷ್ಟ ಹಳದಿ, ಒಳಗ ಬಿಳಿಚ್ಕೊಂಡಿದ್ರ ಅಲ್ಲೇ ಬಿಟ್ಟು ಬರ್ರಿ.